ಒತ್ತಿಲ್ಲದ ಅಣ್ಣ

ಮಹಡಿ ಮನೆ, ಮುಂದಿನ ಕೋಣೆ
ಬುಧವಾರ, ಹನ್ನೆರಡನೇ ತಾರೀಕು

ಪ್ರೀತಿಯ ತಂಗಿಗೆ,

‘ಪ್ರೀತಿಯ’ ಎಂಬ ಮಾತನ್ನು ಇವತ್ತು ಹಲ್ಲು ಕಚ್ಚಿಕೊಂಡು ಬರೆದಿದ್ದೇನೆ, ಅದು ನಿನಗೆ ತಿಳಿದಿರಲಿ. ಹೇಗಿದ್ದೀಯ? ಬಲಗೈ ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಎರಡು ಗಂಟೆ ಬ್ರಷ್ ಹಿಡಿದರೆ ಎದ್ದು ಕೈ ಕೊಡವಬೇಕೆಂದು ವೈದ್ಯರು ಹೇಳಿದ್ದರು. ನೀನು ಕೊಡವುವುದಿಲ್ಲ, ನನಗೆ ಗೊತ್ತು. ಪ್ರಕಾಶಕರು ಕೊಟ್ಟಿರುವ ಆ ಕೋಣೆಯಲ್ಲಿ ಬೆಳಕು ಎಡಗಡೆಯಿಂದ ಬರುತ್ತದೆಯೋ, ಇಲ್ಲ ನಿನ್ನ ಕೈಯ ನೆರಳೇ ಕಾಗದದ ಮೇಲೆ ಬೀಳುತ್ತದೆಯೋ ಎಂದು ನಿನ್ನ ಅತ್ತಿಗೆ ಕೇಳುತ್ತಿದ್ದಳು. ನಾನು ಕೇಳಲಿಲ್ಲ, ಅವಳು ಕೇಳಿದ್ದು. ಅವಳಿಗೆ ಸ್ವಲ್ಪ ನೆಗಡಿ. ನಿನ್ನ ಸೊಸೆಗೆ ಮುಂದಿನ ಎರಡು ಹಲ್ಲು ಬಿದ್ದು, ಮಾತಾಡಿದರೆ ಸೀಟಿ ಊದಿದಂತೆ ಕೇಳುತ್ತದೆ. ನನಗೆ ಸಿಟ್ಟು. ಕ್ಷೇಮ ಸಮಾಚಾರ ಇಷ್ಟೇ. ಇನ್ನು ಪರದೆ ಏಳಲಿ.

ನಿನ್ನೆ ಅಂಚೆಯಲ್ಲಿ ನಮ್ಮ ಚಿತ್ರಕಥೆಯ ಮೂರನೇ ಪುಸ್ತಕದ ಕರಡಚ್ಚು ಬಂತು. ನಲವತ್ತೆಂಟು ಪುಟ. ಸೀನಿದರೆ ಸಾಕು, ಎದುರಿಗಿದ್ದದ್ದನ್ನು ಬೇರೇನೋ ಮಾಡಿಬಿಡುವ ರಾಕ್ಷಸ. ಅವನ ಕಿವಿಯೊಳಗೆ ದಿಂಬು ಹಾಕಿಕೊಂಡು ಕೂತು ದಾರಿ ಹೇಳುವ ಹೆಬ್ಬೆರಳ ಗಾತ್ರದ ತಂಗಿ. ಇವರಿಬ್ಬರನ್ನೂ ನಾವು ಇದೇ ಮೇಜಿನ ಮೇಲೆ ಹುಟ್ಟಿಸಿದೆವು, ಮಾತು ನನ್ನದು, ಚಿತ್ರ ನಿನ್ನದು ಎಂದು. ಶುಕ್ರವಾರದೊಳಗೆ ಇಬ್ಬರ ಸಹಿಯೂ ಬಿದ್ದರೆ ಅಚ್ಚಿಗೆ ಹೋಗುತ್ತದಂತೆ, ಇಲ್ಲದಿದ್ದರೆ ಇಲ್ಲವಂತೆ. ನಿನ್ನ ಸಹಿ ಆಗಲೇ ಬಿದ್ದಿದೆ. ನಾನು ಕನ್ನಡಕ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಮಗಳು ಶಾಲೆಯಲ್ಲಿದ್ದ ಕಾರಣ ನಿನ್ನ ಅತ್ತಿಗೆಯೊಬ್ಬಳನ್ನೇ ಕೂರಿಸಿಕೊಂಡು ಓದಲು ನಿಂತೆ. ನಾಲ್ಕನೇ ಪುಟದಲ್ಲಿ ರಾಕ್ಷಸ ಇಲಿಯನ್ನು ಹೆದರಿಸುವ ಜಾಗ. ನಾನು ಬರೆದದ್ದು ನಿನಗೆ ನೆನಪಿರಬೇಕು: ‘ಎಲೈ ಕ್ಷುದ್ರ ಜಂತುವೇ, ನನ್ನ ಪ್ರತಾಪಾಗ್ನಿಯ ಜ್ವಾಲೆಗೆ ಸಿಕ್ಕಿ ಭಸ್ಮವಾಗುವ ಮುನ್ನ ನಿನ್ನ ಇಷ್ಟದೈವವನ್ನು ಸ್ಮರಿಸಿಕೋ.’ ಒಂದೂವರೆ ದಿನ ಕೂತು ಉಜ್ಜಿ ಉಜ್ಜಿ ಹೊಳೆಸಿದ ಸಾಲು. ಕರಡಿನಲ್ಲಿ ಏನಿದೆ? ‘ಓಡು ಇಲಿ, ಓಡು.’ ಮೂರೇ ಮೂರು ಪದ, ಅದರಲ್ಲೂ ಒಂದು ಎರಡು ಸಲ.

ತಡೆದುಕೊಂಡೆ. ಪುಟ ತಿರುಗಿಸಿದೆ. ರಾಕ್ಷಸ ಎಲ್ಲೂ ಇಲ್ಲ, ಎಲ್ಲ ಕಡೆ ‘ಭೂತ’. ನೀನು ಬಿಡಿಸಿರುವ ಹೊಟ್ಟೆ ನೋಡಿದರೆ ಬೀರುವಿನಷ್ಟಿದೆ. ಭೂತಕ್ಕೆ ಅಷ್ಟು ಹೊಟ್ಟೆ ಎಲ್ಲಿಂದ ಬಂತು? ಅದನ್ನೂ ನುಂಗಿದೆ. ನಲವತ್ತಮೂರನೇ ಪುಟಕ್ಕೆ ಬಂದೆ. ತಂಗಿ ಕಿವಿಯಿಂದ ಜಾರಿ ಬಾವಿಗೆ ಬೀಳುತ್ತಾಳೆ, ಬೀಳುತ್ತ ಕೂಗುತ್ತಾಳೆ. ಇಡೀ ಪುಟಕ್ಕೆ ಒಂದೇ ಮಾತಿನ ಗುಳ್ಳೆ. ಆ ಗುಳ್ಳೆಯಲ್ಲಿ ‘ಅಣ್ಣಾ’ ಎಂದು ಇರಬೇಕಾದ ಕಡೆ, ನಿನ್ನ ಕೈಯಾರೆ, ನಿನ್ನದೇ ದಪ್ಪ ಅಕ್ಷರದಲ್ಲಿ, ‘ಮಾವಾ’ ಎಂದು ಬರೆದಿದ್ದೀಯ. ಎರಡು ಪುಸ್ತಕದುದ್ದಕ್ಕೂ ಅಣ್ಣ ಅಣ್ಣ ಎಂದು ಅವನ ಕಿವಿ ತಿಂದವಳು ಮೂರನೆಯದರಲ್ಲಿ ಇದ್ದಕ್ಕಿದ್ದ ಹಾಗೆ ಮಾವ ಎಂದರೆ, ನಡುವೆ ಯಾರಿಗೆ ಯಾರ ಜೊತೆ ಮದುವೆಯಾಯಿತು ಎಂದು ಓದುವವರು ಕೇಳುವುದಿಲ್ಲವೇ? ನಿನ್ನ ಅತ್ತಿಗೆ ನಕ್ಕಳು. ನಾನು ಅವಳನ್ನು ನೋಡಿದ ನೋಟಕ್ಕೆ ಅವಳ ನೆಗಡಿಯೂ ನಿಂತಿತು.

ಆ ಹೊಸ ಸಂಪಾದಕಿಗೆ ಫೋನ್ ಮಾಡಿದೆ. ನನ್ನ ದನಿಗೆ ಕೆಳಗಿನ ಅಂಗಡಿಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಮೆಟ್ಟಿಲ ಬಳಿ ಬಂದು ನಿಂತನಂತೆ. ಆ ತಾಯಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ‘ಸರ್, ಇದು ಈಗಷ್ಟೇ ಓದೋಕೆ ಕಲಿಯೋ ಮಕ್ಕಳ ಪುಸ್ತಕ, ಗುಳ್ಳೆಯೊಳಗೆ ಒತ್ತಕ್ಷರ ಬೇಡ ಅಂತ ನಿಯಮ. ಮಗು ಒತ್ತಿನ ಹತ್ರ ಎಡವುತ್ತೆ. ಎಡವಿದ ಮೇಲೆ ನಗೋಕಾಗಲ್ಲ’ ಎಂದಳು. ಏನು ನಿಯಮವಪ್ಪ ಇದು. ಒತ್ತಕ್ಷರ ಎಂಬ ಪದದಲ್ಲೇ ಎರಡು ಒತ್ತಿವೆ. ಲೆಕ್ಕ ಹಾಕಿ ನೋಡು: ಅಮ್ಮ, ಅಪ್ಪ, ಅಜ್ಜ, ಅಜ್ಜಿ, ಅಕ್ಕ, ತಮ್ಮ, ಅತ್ತೆ, ಚಿಕ್ಕಪ್ಪ, ಒಬ್ಬರಿಗೂ ಪ್ರವೇಶವಿಲ್ಲ, ಇಡೀ ಸಂಸಾರವನ್ನು ಬಾಗಿಲಾಚೆ ನಿಲ್ಲಿಸಿದ್ದಾಳೆ. ತಂಗಿಗೆ ಒತ್ತಿಲ್ಲ, ಆದ್ದರಿಂದ ತಂಗಿ ಸಲೀಸಾಗಿ ಒಳಗೆ ಹೋಗಿ ಕೂತಿದ್ದಾಳೆ. ಅಣ್ಣನೊಬ್ಬ ಹೊರಗೆ. ನೀನು ಅದಕ್ಕೆ ಸಹಿ ಹಾಕಿದ್ದೀಯ. ‘ನಿಮ್ಮ ತಂಗಿನೇ ಮೊದಲು ಒಪ್ಪಿದ್ದು ಸರ್, ಅವರೇ ಕೂತು ಮಾತೆಲ್ಲ ತಿದ್ದಿದ್ದು’ ಎಂದು ಸಂಪಾದಕಿ ಹೇಳಿದಾಗ ಫೋನ್ ಇಟ್ಟುಬಿಟ್ಟೆ.

ನಾಟಕ ಕಂಪನಿಯ ಬಣ್ಣದ ಕೋಣೆಯಲ್ಲಿ ಬೆಳೆದವನು ನಾನು. ನೀನೂ ಅಲ್ಲೇ ಬೆಳೆದೆ. ಆದರೆ ನೀನು ಹಿಂದಿನ ಪರದೆಗೆ ಬಣ್ಣ ಬಳಿಯುವವರ ಜೊತೆ, ನಾನು ಅಪ್ಪನ ಪಕ್ಕ. ಕಿರೀಟ ಇಟ್ಟುಕೊಂಡು ರಂಗಕ್ಕೆ ಹೋಗುವ ಮುನ್ನ ಅಪ್ಪ ಪ್ರತಿ ಸಲ ಹೇಳುತ್ತಿದ್ದ ಮಾತು ನಿನ್ನ ಕಿವಿಗೂ ಬಿದ್ದಿರಬೇಕು: ‘ಕೊನೇ ಸಾಲಿನವನಿಗೆ ಕೇಳಿಸಲಿಲ್ಲ ಅಂದ್ರೆ ನೀನು ಮಾತಾಡೇ ಇಲ್ಲ ಅಂತ ತಿಳ್ಕೋ.’ ಮಾತೆಂದರೆ ನನಗೆ ಅದು, ಗುಡುಗಬೇಕು, ಚಪ್ಪರ ನಡುಗಬೇಕು. ಈ ಸಂಪಾದಕಿಗೆ ಬುದ್ಧಿ ಕಲಿಸಲೇಬೇಕೆಂದು ಹಠ ಹುಟ್ಟಿತು. ಎರಡನೇ ತರಗತಿಯ ಮಗು ಒತ್ತಕ್ಷರ ಓದಬಲ್ಲದು ಎಂಬುದಕ್ಕೆ ಸಾಕ್ಷಿ ನನ್ನ ಮನೆಯಲ್ಲೇ ಇದೆಯಲ್ಲ. ಮಗಳನ್ನು ಕರೆದು ನಮ್ಮ ಮೊದಲ ಪುಸ್ತಕ ಕೈಗಿಟ್ಟು ‘ಓದು ತಾಯಿ’ ಎಂದೆ. ಓದಿದಳು. ರಾಕ್ಷಸನ ಠೀವಿಯೇನು, ಗತ್ತೇನು, ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸಿದಳು. ಸೀಟಿಯೊಂದನ್ನು ಬಿಟ್ಟರೆ ನನ್ನ ದನಿಯೇ. ಎದೆಯುಬ್ಬಿಸಿ ಪುಸ್ತಕದ ಕಡೆ ಬಗ್ಗಿದೆ. ಆರು ಮತ್ತು ಏಳನೇ ಪುಟಗಳು ಎಂದೋ ಗೋಂದು ಮೆತ್ತಿ ಅಂಟಿಕೊಂಡಿದ್ದವು. ಅವಳ ಕಣ್ಣು ಎಂಟನೇ ಪುಟದ ಮೇಲೆ, ಬಾಯಿ ಆರನೇ ಪುಟದ ಮಾತನ್ನು ಆಡುತ್ತಿತ್ತು.

ಆಮೇಲೆ ನನ್ನ ಮೂರನೇ ಪುಸ್ತಕದ ಹಸ್ತಪ್ರತಿ ಕೊಟ್ಟೆ, ಅವಳೆಂದೂ ಕೇಳದ್ದು. ‘ಕ್ಷುದ್ರ’ದ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಬಹಳ ಹೊತ್ತಾದ ಮೇಲೆ ‘ಅಪ್ಪ, ಹೊಟ್ಟೆ ನೋಯ್ತಿದೆ’ ಎಂದಳು. ಶಾಲೆಯಲ್ಲಿ ಓದಿನ ಪಾಳಿ ಬಂದಾಗಲೂ ಹೊಟ್ಟೆ ನೋವೆಂದು ಮನೆಗೆ ಕಳುಹಿಸುತ್ತಿದ್ದರಲ್ಲ, ನಾವು ಓಮದ ನೀರು ಕುಡಿಸುತ್ತಿದ್ದೆವು. ಎರಡು ವರ್ಷ ದಿನವೂ ಅವಳೆದುರು ನಿಂತು ಗುಡುಗಿದ್ದೇನೆ. ಅವಳು ಓದುತ್ತಿದ್ದಾಳೆ ಎಂದುಕೊಂಡಿದ್ದೆ, ಅವಳು ನನ್ನನ್ನೇ ಬಾಯಿಪಾಠ ಒಪ್ಪಿಸುತ್ತಿದ್ದಳು. ನೀನು ಇದನ್ನೇ ಹೇಳಿದ್ದೆ. ಆರು ತಿಂಗಳ ಹಿಂದೆ, ಇದೇ ಮೇಜಿನ ಆಚೆ ಬದಿ ಕೂತು, ಬ್ರಷ್ ತೊಳೆಯುತ್ತ: ‘ಅಣ್ಣ, ಅವಳು ಓದ್ತಿಲ್ಲ ಕಣೋ, ನಿನ್ನ ದನಿ ಕೇಳಿಸ್ಕೊಂಡು ಒಪ್ಪಿಸ್ತಿದ್ದಾಳೆ.’ ನಾನು ಏನೆಂದೆ ಎಂಬುದನ್ನು ಇಲ್ಲಿ ಮತ್ತೆ ಬರೆಯುವ ಅಗತ್ಯವಿತ್ತೇ? ಬರೆಯುತ್ತೇನೆ, ನನ್ನ ಕೈಗೂ ಸ್ವಲ್ಪ ನೋಯಲಿ. ‘ನೀನು ಬರೀ ಚಿತ್ರ ಬಿಡಿಸೋಳು, ಅಕ್ಷರದ ವಿಷಯ ನಿನಗ್ಯಾಕೆ’ ಎಂದೆ. ಕೆಳಗಿನ ದರ್ಜಿಗೂ ಕೇಳಿಸುವ ಹಾಗೆ. ನೀನು ಶಾಯಿ ಬಾಟಲಿಗಳನ್ನು ಒಂದೊಂದಾಗಿ ಹಳೇ ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡು ಹೊರಟೆ. ತಿರುಗಿ ಬಯ್ಯಬೇಕಿತ್ತು ನೀನು. ಬಯ್ಯದೆ ಹೋದೆಯಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಕಡೆಗೆ ಕರಡನ್ನೇ ಅವಳ ಮುಂದಿಟ್ಟು ನಾನು ಅಡುಗೆಮನೆಗೆ ಹೋಗಿ ನಿಂತೆ, ಬಾಯಿ ಮುಚ್ಚಿಕೊಂಡು. ಎಷ್ಟು ಕಷ್ಟವಾಯಿತೆಂದು ನಿನ್ನ ಅತ್ತಿಗೆಯನ್ನು ಕೇಳು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಸಣ್ಣಗೆ, ತಡವರಿಸಿಕೊಂಡು, ಯಾರ ದನಿಯೂ ಅಲ್ಲದ ಒಂದು ದನಿ: ‘ಓ... ಡು. ಇ... ಲಿ. ಓಡು.’ ಕಿಸಕ್ಕನೆ ನಕ್ಕಳು. ಸೀನಿಗೆ ಸಿಕ್ಕಿ ಅರಸನ ಕಿರೀಟ ಎಲೆಕೋಸಾಗುವ ಕಡೆ ಕುರ್ಚಿಯಿಂದ ಬೀಳುವುದೊಂದು ಬಾಕಿ. ನಲವತ್ತೆಂಟು ಪುಟವನ್ನೂ ತಾನೇ ಮುಗಿಸಿ ಬಂದಳು. ನಾನು ಆಸೆಯಿಂದ ಬಾವಿಯ ಪುಟ ತೆಗೆದು, ಇದು ಸರಿಯೇ ಎಂದು ಕೇಳಿದೆ. ‘ಅಣ್ಣ ಅಲ್ವಾ ಅಪ್ಪ ಇವನು? ಇರಲಿ ಬಿಡು, ಮಾವ ಓದೋಕೆ ಸುಲಭ’ ಎಂದು ಆಡಲು ಹೋದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೂ ನಿಮ್ಮ ಕಡೆಗೇ ಸೇರಿದಳು.

ಈಗ ಕರಡು ನನ್ನೆದುರಿಗಿದೆ, ಪೆನ್ನು ಪಕ್ಕದಲ್ಲಿದೆ. ಶುಕ್ರವಾರಕ್ಕೆ ಇನ್ನೂ ಎರಡು ದಿನ ಇದೆ, ನಾನು ಯಾರ ಗಡಿಬಿಡಿಗೂ ಸಹಿ ಹಾಕುವವನಲ್ಲ. ಸಂಪಾದಕಿಗೆ ನನ್ನ ನಮಸ್ಕಾರ ಹೇಳಬೇಡ. ಬಿಸಿನೀರಿನಲ್ಲಿ ಕೈಯಿಟ್ಟುಕೊಂಡು ಕೂರು. ಸಿಟ್ಟಿನಲ್ಲೇ ಹರಸುತ್ತಿದ್ದೇನೆ, ನಿನ್ನ ಗೆರೆ ಯಾವತ್ತೂ ನಡುಗದಿರಲಿ.

ಒತ್ತಿನ ಸಮೇತ,
ನಿನ್ನ ಅಣ್ಣ

ಮರೆತ ಮಾತು: ಅಂಚೆಯವರು ಬರುವ ಸಮಯ, ಬೇಗ ಬರೆಯುವೆ. ಸಹಿ ಹಾಕಿದೆ. ಮಾವ ಹಾಗೇ ಇರಲಿ. ಆ ದಿನ ನೀನು ಸರಿಯಾಗೇ ಹೇಳಿದೆ, ನಾನು ಕೇಳದೆ ಕೂಗಾಡಿದೆ. ಆಡಬಾರದ ಮಾತು ಆಡಿದೆ. ಈ ಸಾಲು ಮಗಳು ಓದುವ ಹಾಗೆ ಬರೆಯಲು ಕೂತು ಮೂರು ಹಾಳೆ ಹರಿದೆ. ಈಗ ಅವಳು ಎಡವದೆ ಓದಿದಳು. ಕೋಪ ಇದೆ, ಇರಲಿ. ತಂಗಿ, ನೀನು ಮನೆಗೆ ಬಾ.