ಮಡಕೆಯ ತಳದ ಮಣ್ಣು

೧೮ ಆಗಸ್ಟ್ ೧೯೬೧, ಶುಕ್ರವಾರ. ಕೊಲ್ಲಾಪುರ.

ಎಷ್ಟು ತೊಳೆದರೂ ಕೈ ತೊಳೆದಂತೆ ಅನಿಸುತ್ತಿಲ್ಲ. ಮ್ಯೂಸಿಯಮ್ಮಿನಲ್ಲಿ ನಾನು ಜೋಡಿಸುತ್ತಿರುವ ಹಳೆಯ ಮಡಕೆಯ ತಳದಲ್ಲಿದ್ದ ಮಣ್ಣು ಬೆಣ್ಣೆಯಂತೆ ನುಣುಪಾಗಿತ್ತು. ಕುಂಬಾರನ ಬುದ್ಧಿ, ಬಿರುಕು ತುಂಬಲು ಬಂದೀತೆಂದು ಮೊನ್ನೆ ಒಂದು ಹಿಡಿ ಮನೆಗೆ ತಂದಿದ್ದೆ. ಬಸುರಿ ಹೆಂಡತಿ ಹೌಸಾಗೆ ಮಣ್ಣು ತಿನ್ನುವ ಬಯಕೆ. ನಾನು ನೋಡುವಷ್ಟರಲ್ಲಿ ಅರ್ಧ ತಿಂದಿದ್ದಳು. ನಕ್ಕಿದ್ದೆ.

ಇವತ್ತು ಮ್ಯೂಸಿಯಮ್ಮಿನ ಸಾಹೇಬರು ಮಡಕೆಗೆ ಚೀಟಿ ಅಂಟಿಸುತ್ತ ಹೇಳಿದರು: "ಸಂಭಾಳಿಸಿ ಹಿಡಿ, ತಮ್ಮಣ್ಣ. ಆಗಿನ ಮಂದಿ ಸತ್ತ ಕೂಸನ್ನ ಇದರಾಗ ಇಟ್ಟು ಹುಗೀತಿದ್ರು. ಎಲುಬು ನಾವು ಮೊದಲ ತಗದೇವಿ."

ಉಳಿದ ಮಣ್ಣನ್ನು ಸಂಜೆ ಪಂಚಗಂಗೆಗೆ ಚೆಲ್ಲಿ, ಮುಳುಗು ಹಾಕಿ ಬಂದೆ. ಭಾಕರಿ ಬಡಿಸುತ್ತ ಹೌಸಾ ಅಂದಳು: "ಆ ಮಣ್ಣು ಇನ್ನೊಂದಿಷ್ಟು ತರ್ರಿ. ಕೂಸು ಒಳಗಿಂದ ಕೇಳಾಕತ್ತೈತಿ."