ಉದ್ಯೋಗ: ಒಕ್ಕಲುತನ

ಸೇಡಂ,
ಬುಧವಾರ

ಪ್ರೀತಿಯ ರಮೇಶಕುಮಾರ ಮಾಮಾ,

ಮದುವೆಯಾಗಿ ನಲವತ್ತು ದಿನ. ನನ್ನ ಖುಷಿಯನ್ನೆಲ್ಲ ಬರೆದರೆ ಒಂದು ನೋಟ್‌ಬುಕ್ ಸಾಲದು! ಆದರೆ ಇಂದು ಬರೆಯುತ್ತಿರುವುದು ಬೇರೆ ಮಾತು. ಫೋನ್ ಮಾಡಿದರೆ ನಮ್ಮ ಯಜಮಾನರು ಅಣವೀರ ಅವರಿಗೆ ಕೇಳಿಸುತ್ತದೆ, ಅದಕ್ಕೇ ಈ ಪತ್ರವನ್ನು ಚಿತ್ತಾಪುರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನೆ ಶಹಾಬಾದಿನ ಹಳೆಯ ಕಲ್ಲುಗಣಿಯ ಅಂಚಿನಲ್ಲಿ ಇವರು ತಮ್ಮ ಚಾನೆಲ್‌ಗೆ ವಿಡಿಯೋ ಮಾಡುತ್ತಿದ್ದಾಗ ಕಾಲು ಜಾರಿತು. ಕೆಳಗೆ ಆಳವಾದ ಹಸಿರು ನೀರು. ಕೈಗೆ ಜಾಲಿಗಿಡ ಸಿಕ್ಕಿದ್ದಕ್ಕೆ ಉಳಿದರು. ಮೇಲೆ ಬಂದು ನಗುತ್ತಾ, "ಯಾಕ ಅಳಾಕತ್ತೀ ಹುಚ್ಚಿ? ನಿಮ್ಮ ಮಾಮಾ ಅಪಘಾತ ವಿಮೆ ಮಾಡ್ಯಾರಲ್ಲ!" ಎಂದರು.

ಏಜೆಂಟರಾದ ನೀವು ಆ ವಿಮೆಯ ಅರ್ಜಿಯಲ್ಲಿ ಇವರ ಉದ್ಯೋಗ ಏನೆಂದು ಬರೆದಿರಿ ಎಂಬುದು ನಿಮಗೂ ನನಗೂ ಮಾತ್ರ ಗೊತ್ತು. "ವಿಡಿಯೋ ಮಾಡೋದೂ ಒಂದು ಉದ್ಯೋಗ ಏನವಾ? ಹುಡುಗ ಒಕ್ಕಲುತನ ಮಾಡ್ತಾನ ಅಂತ ನಿಮ್ಮಪ್ಪಗ ಹೇಳೇ ಲಗ್ನ ಮಾಡಿಸೀನಿ, ಇಲ್ಲೂ ಅದನ್ನೇ ಬರಿತೀನಿ" ಎಂದಿರಿ. ನಾನೂ ನಕ್ಕು ತಲೆಯಾಡಿಸಿದೆ. ಇವರು ಓದದೆ ಸಹಿ ಹಾಕಿದರು. ನಾಳೆ ಏನಾದರೂ ಆಗಿ, ಒಕ್ಕಲುತನ ಮಾಡುವವ ಗಣಿಗೆ ಯಾಕೆ ಹೋಗಿದ್ದ ಎಂದು ವಿಮಾ ಕಂಪನಿಯವರು ಕೇಳಿದರೆ ನಾನೇನು ಹೇಳಲಿ?

ದಯವಿಟ್ಟು ನಾಳೆಯೇ ತಿದ್ದುಪಡಿ ಅರ್ಜಿ ತನ್ನಿ. ಕಂತು ಹೆಚ್ಚಾದರೆ ಆಗಲಿ. ಅಪ್ಪಾಜಿಗೆ ನಿಜವನ್ನು ನಾನೇ ಹೇಳುತ್ತೇನೆ. ಇವರಿಗೂ ಹೇಳುತ್ತೇನೆ, ಆದರೆ ನೀವು ಪಕ್ಕದಲ್ಲಿರಬೇಕು.

ಶುಕ್ರವಾರ ಮತ್ತೆ ಅದೇ ಗಣಿಗೆ ಹೋಗುತ್ತಾರಂತೆ. ಕ್ಯಾಮೆರಾದ ಬ್ಯಾಟರಿಗಳನ್ನು ನನ್ನ ಬಳೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಅವಕ್ಕಾಗಿ ಇಡೀ ಮನೆ ಹುಡುಕಿ ಈಗ ನನ್ನ ಕೋಣೆಗೇ ಬರುತ್ತಿದ್ದಾರೆ, ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ದಾರಿ ಕಾಯುತ್ತಿರುವ
ಪ್ರೀತಿ