ಒಂಬತ್ತು ದಿನದ ‘ಇಲ್ಲ’

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಕೂತ ಅಮ್ಮನನ್ನು ಬೈದುಕೊಂಡಿರುತ್ತೀಯ, ಬೈದುಕೋ. ನಾನು ಚೆನ್ನಾಗಿದ್ದೇನೆ. ಉಣ್ಣುತ್ತೇನೆ, ಮಲಗುತ್ತೇನೆ. ಅಪ್ಪನ ಕನ್ನಡಕ ಮಾತ್ರ ಇನ್ನೂ ಮೇಜಿನ ಮೇಲೆಯೇ ಇದೆ, ತೆಗೆದಿಡಲು ಕೈ ಏಳುತ್ತಿಲ್ಲ.

ಅಪ್ಪನ ಮುದ್ರಣಾಲಯದ ಗೆಳೆಯರು ಬಂದಿದ್ದರು. ಮೂವತ್ತೈದು ವರ್ಷ ಕರಡು ತಿದ್ದಿದರೂ ಅಪ್ಪನ ಕಣ್ಣಿಗೆ ಒಂದು ತಪ್ಪೂ ಮಣ್ಣೆರಚಲಿಲ್ಲ ಎಂದು ಹೊಗಳಿದರು. ನನ್ನ ಸಾಮಾನಿನ ಚೀಟಿಯನ್ನೂ ಬಿಡದೆ ತಿದ್ದುತ್ತಿದ್ದ ಮಹಾನುಭಾವ ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕು, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಪ್ಪ ಸೇರಿದ್ದ ಹೊಸ ಔಷಧಿ ಪ್ರಯೋಗದ ನರ್ಸ್ ಮೇಲೆ ದೂರು ಕೊಡುತ್ತೇನೆಂದು ಬರೆದಿದ್ದೀಯಲ್ಲ. ಆಕೆ ಸರಿಯಾಗಿ ವಿಚಾರಿಸಿದ್ದರೆ ಅಪ್ಪ ಉಳಿಯುತ್ತಿದ್ದರು ಎಂಬ ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆಕೆ ಮೊದಲ ದಿನವೇ ಎಲ್ಲ ಬಿಡಿಸಿ ಹೇಳಿದ್ದಳು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಇಳಿದಿದೆ, ಹಳೆಯ ಔಷಧಿ ನಾಟುತ್ತಿಲ್ಲ. ಈ ಎರಡು ಹೊಸ ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ಮೈಯ ರೋಗನಿರೋಧಕ ಶಕ್ತಿಯೇ ಗಡ್ಡೆಯ ಮೇಲೆ ಬೀಳಬಹುದು, ಕರುಳಿನ ಮೇಲೂ ಬೀಳಬಹುದು. ಅದಕ್ಕೇ ಒಂದು ದಿನಚರಿ ಕೊಟ್ಟು, “ಭೇದಿ ಶುರುವಾದ್ರೆ ಅವತ್ತೇ ಬರೀರಿ, ಅವತ್ತೇ ಫೋನ್ ಮಾಡಿ. ಬೇಗ ಗೊತ್ತಾದ್ರೆ ಸರಿಮಾಡ್ತೀವಿ” ಅಂದಿದ್ದಳು.

ಮೂರನೆಯ ಡ್ರಿಪ್ ಹೊತ್ತಿಗೆ ರಕ್ತಪರೀಕ್ಷೆಯಲ್ಲಿ ಕ್ಯಾನ್ಸರ್ ತೋರಿಸುವ ಅಂಕಿ ತೊಂಬತ್ತರಿಂದ ಮೂವತ್ತಕ್ಕೆ ಇಳಿಯಿತು. ಆ ವರದಿಯನ್ನು ಅಪ್ಪ ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು. ನಿನ್ನ ಹೆರಿಗೆಗೆ ತಾವೂ ಬರುವುದಾಗಿ ಬೀದಿಗೆಲ್ಲ ಹೇಳಿದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ, ಇದಂತೂ ಹಗ್ಗದ ಹಾಗೆ ಕಂಡಿತ್ತು.

ಮೊನ್ನೆ ಆ ನರ್ಸ್ ಮನೆಗೆ ಬಂದು, “ನಾನೆಲ್ಲಿ ಎಡವಿದೆ, ಅಮ್ಮ?” ಎಂದು ಕೇಳಿದಳು. ನಾನು ಚಹಾ ಮಾಡುವ ನೆಪದಲ್ಲಿ ಎದ್ದು ಹೋದೆ.

ಸಿಟ್ಟು ಬಿಡು, ಹೊತ್ತಿಗೆ ಸರಿಯಾಗಿ ಉಣ್ಣು. ಸುಖವಾಗಿ ಹೆತ್ತು ಏಳು, ಮಗಳೇ. ನಿನಗೂ ಕೂಸಿಗೂ ನಮ್ಮಿಬ್ಬರ ಆಶೀರ್ವಾದ. ಇಬ್ಬರ ಎಂದು ಬರೆದುಬಿಟ್ಟೆ, ಇರಲಿ.

ನಿನ್ನ
ಅಮ್ಮ

ತಾ.ಕ.: ಆ ದಿನಚರಿಯ ಕೊನೆಯ ಹಾಳೆ ನೀನು ನೋಡಿಲ್ಲ. ಅಪ್ಪನ ಕೈ ನಡುಗುತ್ತಿತ್ತು, ಬರೆಯುತ್ತಿದ್ದವಳು ನಾನು. ಭೇದಿ ಶುರುವಾದ ದಿನ, “ಇಲ್ಲ ಅಂತ ಬರಿ. ಗೊತ್ತಾದ್ರೆ ಔಷಧಿ ನಿಲ್ಲಿಸಿಬಿಡ್ತಾರೆ. ನಾನು ಮಗು ಮುಖ ನೋಡ್ಬೇಕು” ಅಂದರು. ಬರೆದೆ. ಆತುರದಲ್ಲಿ ಒತ್ತಕ್ಷರ ಬಿಟ್ಟಿದ್ದೆ. ಕನ್ನಡಕ ಹಾಕಿಕೊಂಡು ನೋಡಿ ತಿದ್ದಿಸಿದರು. ಕರುಳು ತೂತಾಗುವವರೆಗೆ ಒಂಬತ್ತು ದಿನ, ಒಂಬತ್ತು ‘ಇಲ್ಲ’. ಒಂದರಲ್ಲೂ ಕಾಗುಣಿತ ತಪ್ಪಿಲ್ಲ. ದೂರಿನಲ್ಲಿ ಆ ನರ್ಸ್ ಹೆಸರು ಹೊಡೆದುಹಾಕಿ ನನ್ನದು ಬರಿ.